ವೇತನ ಏರಿತು, ಅತೃಪ್ತಿ ಉಳಿಯಿತು

ಏಳನೇ ವೇತನ ಆಯೋಗದ ಶಿಫಾರಸಿನಂತೆ ರಾಜ್ಯ ಸರ್ಕಾರಿ ನೌಕರರ ವೇತನ 2024ರ ಆಗಸ್ಟ್ 1ರಿಂದ ಪರಿಷ್ಕರಣೆಗೊಂಡಿತು. ಶೇ 27.5ರಷ್ಟು ಫಿಟ್‌ಮೆಂಟ್ ದೊರೆಯಿತು. ಎರಡು ತಿಂಗಳು ತುಂಬುವ ಮೊದಲೇ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದರು. ಅವರ ಮುಖ್ಯ ಅಳಲು ಸಂಬಳದ್ದಾಗಿರಲಿಲ್ಲ. ಕುರ್ಚಿ, ಮೇಜು, ಲ್ಯಾಪ್‌ಟಾಪ್, ಇಂಟರ್ನೆಟ್‌ಗಳಿಲ್ಲದೆ ಹಲವಾರು ಮೊಬೈಲ್ ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕಾದ ಒತ್ತಡದ್ದಾಗಿತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್, ಪಿಟ್ಸ್‌ಬರ್ಗ್‌ನ ಸುಮಾರು 200 ಎಂಜಿನಿಯರ್ ಹಾಗೂ ಲೆಕ್ಕಿಗರ ಸಂದರ್ಶನಗಳನ್ನು ಆಧರಿಸಿ 1959ರಲ್ಲಿ ಮಂಡಿಸಿದ ವಾದ ಇಲ್ಲಿ ನೆನಪಾಗುತ್ತದೆ. ಸಂಬಳ, ಸೌಕರ್ಯ, ಮೇಲಧಿಕಾರಿಯ ವರ್ತನೆ ಸರಿಯಿಲ್ಲದಿದ್ದರೆ ಅತೃಪ್ತಿ ಹುಟ್ಟುತ್ತದೆ. ಸರಿಯಿದ್ದ ಮಾತ್ರಕ್ಕೆ ತೃಪ್ತಿ ಹುಟ್ಟುವುದಿಲ್ಲ. ಅದಕ್ಕೆ ಸಾಧನೆ, ಮನ್ನಣೆ, ಹೊಣೆಗಾರಿಕೆ ಬೇಕು. ಅವರ ಅಧ್ಯಯನ ವಿಧಾನಕ್ಕೆ ವಿದ್ವಾಂಸರ ಆಕ್ಷೇಪಗಳಿವೆ, ಇರಲಿ. ನಾನು ಓದಿದ ಅರ್ಥಶಾಸ್ತ್ರದ ರೇಖಾಚಿತ್ರದಲ್ಲಿ ಕೂಲಿ ಮತ್ತು ದುಡಿಮೆ ಎಂಬ ಎರಡೇ ಅಕ್ಷಗಳಿದ್ದವು. ಮನ್ನಣೆಗೆ ಅಲ್ಲಿ ಜಾಗವಿರಲಿಲ್ಲ.

ಕಚೇರಿಯಲ್ಲಿಯೂ ಇರಲಿಲ್ಲವೆನ್ನಿ. ವಾರ್ಷಿಕ ಗೋಪ್ಯ ವರದಿಯಲ್ಲಿ ಪ್ರತಿಕೂಲ ಷರಾ ಇದ್ದರೆ ಮಾತ್ರ ನೌಕರನಿಗೆ ತಿಳಿಸುವುದು ಆಗ ನಮ್ಮ ಪದ್ಧತಿಯಾಗಿತ್ತು. ಮೆಚ್ಚುಗೆ ಕಡತದಲ್ಲಿಯೇ ಮಲಗಿರುತ್ತಿತ್ತು. ಮೂವತ್ತು ವರ್ಷ ದುಡಿದವರು ತಮ್ಮ ಬಗ್ಗೆ ಬರೆದ ಒಂದೇ ಒಂದು ಒಳ್ಳೆಯ ವಾಕ್ಯವನ್ನೂ ಓದದೆ ನಿವೃತ್ತರಾದುದನ್ನು ಕಂಡಿದ್ದೇನೆ. ಎಲ್ಲ ಷರಾಗಳನ್ನೂ ನೌಕರನಿಗೆ ತಿಳಿಸಲೇಬೇಕೆಂದು ದೇವದತ್ತ ಪ್ರಕರಣದಲ್ಲಿ, 2008ರಲ್ಲಿ, ಸುಪ್ರೀಂ ಕೋರ್ಟೇ ಹೇಳಬೇಕಾಯಿತು!

ಮುಂದಿನ ವೇತನ ಆಯೋಗದ ಪರಿಶೀಲನಾ ವಿಷಯಗಳಲ್ಲಿ ಕೆಲಸದ ಸ್ವರೂಪವೂ ಸೇರಲಿ. ಗ್ರಾಮ ಆಡಳಿತಾಧಿಕಾರಿಗೆ ಹೊಸ ಆ್ಯಪ್ ಕೊಡುವ ಮುನ್ನ, ಹಳೆಯ ಯಾವುದನ್ನು ಕೈಬಿಡಬಹುದೆಂದು ಅವರನ್ನೇ ಕೇಳಲಿ. ಹೀಗೆ ಕೇಳುವುದಕ್ಕೆ ಹಣಕಾಸು ಇಲಾಖೆಯ ಸಹಮತಿಯೂ ಬೇಕಿಲ್ಲ.