ಹಡಗಲಿಗೂ ಬೇಕು ಲೆಕ್ಕದ ನೆರವು

2025ರ ಜುಲೈನಲ್ಲಿ ಯುಪಿಐ ವಹಿವಾಟು ಆಧರಿಸಿ ಬಂದ ಜಿಎಸ್‌ಟಿ ನೋಟಿಸ್‌ಗಳು ರಾಜ್ಯದ ಸಣ್ಣ ವ್ಯಾಪಾರಿಗಳನ್ನು ಕಂಗೆಡಿಸಿದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂದಿತ್ತು. ತಾಜಾ ತರಕಾರಿಗೆ, ಹಡಗಲಿಯ ಮಲ್ಲಿಗೆಗೆ ಈ ತೆರಿಗೆಯೇ ಇಲ್ಲ. ಉಳಿದ ಸರಕಿಗೂ ಸಾಮಾನ್ಯವಾಗಿ ವಾರ್ಷಿಕ ವಹಿವಾಟು 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ದಾಟಿದರಷ್ಟೇ ನೋಂದಣಿ ಕಡ್ಡಾಯ.

ಆದರೆ ಖರೀದಿ ರಸೀದಿ, ದಿನದ ಲೆಕ್ಕ ಇಲ್ಲದಿದ್ದರೆ ಸರಕಿಗೆ ತೆರಿಗೆ ಇಲ್ಲ ಅಥವಾ ವಹಿವಾಟು ಮಿತಿ ದಾಟಿಲ್ಲ ಎಂಬುದನ್ನು ರುಜುವಾತುಪಡಿಸುವುದು ಕಷ್ಟ. ವ್ಯಾಪಾರಿಗಳು ಮನೆಯ ಹಣ, ಅಂಗಡಿಯ ಹಣಕ್ಕೆ ಬೇರೆ ಬೇರೆ ಖಾತೆ ಇಡಲಿ. ಊರಿನ ತೆರಿಗೆ ಸಲಹೆಗಾರರು ರಿಟರ್ನ್ ಸಲ್ಲಿಸಿ ಕೈತೊಳೆದುಕೊಳ್ಳದೆ, ಅದರಲ್ಲಿರುವುದನ್ನು ಕನ್ನಡದಲ್ಲಿ ತಿಳಿಸಿಹೇಳಲಿ. ವಾಣಿಜ್ಯ ತೆರಿಗೆ ಇಲಾಖೆ ಹೂವಿನಹಡಗಲಿಯಂಥ ತಾಲ್ಲೂಕು ಕೇಂದ್ರಗಳಲ್ಲಿ ತಿಂಗಳಿಗೊಮ್ಮೆ ನೆರವು ಶಿಬಿರ ನಡೆಸಲಿ. ನೋಟಿಸಿಗೆ ಮೊದಲು ತಿಳಿವಳಿಕೆ ತಲುಪಬೇಕು.