ಮೇಸ್ತ್ರಿಯ ಕನ್ನಡ ಪಾಲಿಟೆಕ್ನಿಕ್ಕಿಗೆ ಯಾಕೆ ಬೇಡ?

ಶಿವಮೊಗ್ಗದ ವಿನೋಬನಗರದಲ್ಲಿ ಯಾವ ಅಡ್ಡರಸ್ತೆಗೆ ನುಗ್ಗಿದರೂ ಒಂದಲ್ಲ ಒಂದು ಮನೆ ಏಳುತ್ತಿರುತ್ತದೆ. ರಸ್ತೆಯ ಅರ್ಧಕ್ಕೆ ಜಲ್ಲಿ, ಇನ್ನರ್ಧಕ್ಕೆ ಎಂ-ಸ್ಯಾಂಡ್ ಗುಡ್ಡೆ. ಬೆಳಗ್ಗೆ ಒಂಬತ್ತಕ್ಕೆ ಅಲ್ಲಿ ನಿಂತು ಸ್ವಲ್ಪ ಕಿವಿಗೊಡಿ ಗೆಳೆಯರೇ. "ಗುಂಡು ಬಿಟ್ಟು ನೋಡೋ", "ರಸಮಟ್ಟ ತಗೊಂಬಾ", "ಕಂಬಿ ಬಗ್ಸು", "ಮೂಲೆಮಟ್ಟ ಹಿಡಿ", "ಪಾಯ ಇನ್ನೊಂದಡಿ ಹೋಗ್ಲಿ". ಕನ್ನಡದಲ್ಲಿ ತಾಂತ್ರಿಕ ಪದಗಳೇ ಇಲ್ಲ ಎಂದು ಬಾಯಿ ಬಡಿದುಕೊಳ್ಳುವ ಪಂಡಿತರನ್ನು ಒಂದು ದಿನ ಈ ಮರಳಿನ ಗುಡ್ಡೆಯ ಮೇಲೆ ಕೂರಿಸಬೇಕು!

ಈ ಬಡಾವಣೆಗೆ ವಿನೋಬಾ ಭಾವೆಯವರ ಹೆಸರು. ಅವರು ಕನ್ನಡ ಲಿಪಿಯನ್ನು 'ಲಿಪಿಗಳ ರಾಣಿ' ಎಂದು ಕೊಂಡಾಡಿದ್ದರು ಎಂದು ನಾವು ನವೆಂಬರ್ ತಿಂಗಳ ಪ್ರತಿ ವೇದಿಕೆಯಲ್ಲೂ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಆದರೆ ಅದೇ ವಿನೋಬನಗರದ ಸೈಟುಗಳಲ್ಲಿ ಈ ರಾಣಿಗೆ ಗಾರೆ ಹೊರುವ ಕೆಲಸ ಮಾತ್ರ. ನಕ್ಷೆ ಇಂಗ್ಲಿಷಿನಲ್ಲಿ, ಅಂದಾಜು ಪಟ್ಟಿ ಇಂಗ್ಲಿಷಿನಲ್ಲಿ, ಅಳತೆ ಪುಸ್ತಕ ಇಂಗ್ಲಿಷಿನಲ್ಲಿ. ಮೇಸ್ತ್ರಿ ಮಾತ್ರ ಕನ್ನಡದಲ್ಲಿ.

ಇಂಥ ಸೈಟಿಗೆ ಸಿವಿಲ್ ಡಿಪ್ಲೊಮಾ ಮುಗಿಸಿದ ಹುಡುಗ ಸೂಪರ್‌ವೈಸರ್ ಆಗಿ ಬರುತ್ತಾನೆ ಎಂದುಕೊಳ್ಳಿ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ, ಆಮೇಲೆ ಮೂರು ವರ್ಷ ಪಾಲಿಟೆಕ್ನಿಕ್. ತಂದೆಯ ವಯಸ್ಸಿನ ಮೇಸ್ತ್ರಿ ಕೇಳುತ್ತಾನೆ: "ಸಾರ್, ಸೆಂಟ್ರಿಂಗ್ ಯಾವತ್ತು ಬಿಚ್ಚಾಣ?" ಹುಡುಗ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಉತ್ತರ ಬರೆದು ಅಂಕ ತೆಗೆದಿದ್ದಾನೆ. ಆದರೆ ಅದು ಅರ್ಥವಾಗದೆ ಗಿಣಿಪಾಠ ಮಾಡಿದ್ದು, ಉತ್ತರಪತ್ರಿಕೆ ಕೊಟ್ಟು ಬಂದ ದಿನವೇ ಆವಿಯಾಗಿದೆ. "ಯಾವಾಗ್ಲೂ ಹೆಂಗೆ ಮಾಡ್ತೀರೋ ಹಂಗೇ ಮಾಡಿ ಮೇಸ್ತ್ರಿಗಳೇ" ಎಂದು ಫೋನು ತೆಗೆದು ಪಕ್ಕಕ್ಕೆ ಸರಿಯುತ್ತಾನೆ. ಮೇಸ್ತ್ರಿಗೆ ಆ ಕ್ಷಣವೇ ಅರ್ಥವಾಗಿಬಿಡುತ್ತದೆ, ಈ ಹುಡುಗನ ಕೈಯಲ್ಲಿ ಆಗುವಂಥದ್ದಲ್ಲ ಎಂದು.

ಉತ್ತರವೇನು ಬ್ರಹ್ಮವಿದ್ಯೆಯೇ? ಐಎಸ್ 456 ಎಂಬ ಭಾರತೀಯ ಮಾನಕದಲ್ಲಿದೆ. ಮಾಮೂಲಿ ಸಿಮೆಂಟಾದರೆ, ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಿನ ಕೆಳಗೆ ಕೊಟ್ಟ ಆಸರೆಯನ್ನು 7 ದಿನ ಅಲುಗಾಡಿಸಬಾರದು, ಅದಕ್ಕಿಂತ ಅಗಲವಿದ್ದರೆ 14 ದಿನ. ಬೀಮಿನ ಕೆಳಗಿನ ಆಸರೆಯನ್ನು 6 ಮೀಟರ್ ತನಕ 14 ದಿನ, ಮೀರಿದರೆ 21 ದಿನ. ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರು ಬೀಳಬೇಕು, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ. ನೋಡಿ, ಇಷ್ಟನ್ನು ಕನ್ನಡದಲ್ಲಿ ಬರೆಯಲು ನಮಗೆ ಐದು ನಿಮಿಷ ಹಿಡಿಯಿತು. ಒಂದು ಶಬ್ದವನ್ನೂ ಸಂಸ್ಕೃತದ ಟಂಕಸಾಲೆಯಿಂದ ತರಬೇಕಾಗಲಿಲ್ಲ. ಹೀಗೆ ಕಲಿತ ಹುಡುಗ ಮೇಸ್ತ್ರಿಯ ಮುಂದೆ ತಲೆ ಎತ್ತಿ ನಿಲ್ಲುತ್ತಾನೆ. ಕಲಿಯದ ಹುಡುಗನ ಸೈಟಿನಲ್ಲಿ ಯಾರದೋ ಅವಸರಕ್ಕೆ ಐದನೇ ದಿನಕ್ಕೆ ಆಸರೆ ಕೀಳುತ್ತಾರೆ. ಕೆಳಗೆ ನಿಂತಿರುವುದು ಕೂಲಿಯ ಹೆಣ್ಣುಮಗಳು.

ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಎಂಬುದಿದೆ. ಊರಿನ ಹುಡುಗರು ಹಗಲು ದುಡಿದು ಸಂಜೆ ಅಲ್ಲಿಗೆ ಹೋಗಿ, ಎರಡು ವರ್ಷದಲ್ಲಿ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಕಲಿತು ಬರಬಹುದು. ಕಲಿಯುವುದು ತಮ್ಮ ಬೀದಿಯ ಭಾಷೆಯಲ್ಲೇ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಪಾಲಿಟೆಕ್ನಿಕ್. ಈ ಮ್ಯಾನೇಜ್‌ಮೆಂಟ್ ಎಂಬ ದೊಡ್ಡ ಮಾತಿಗೆ ಹೆದರಬೇಡಿ. ಸಿಮೆಂಟು ಯಾವತ್ತು ಬರಬೇಕು, ಕಂಬಿ ಕಟ್ಟುವವರು ಯಾವತ್ತು, ಕರೆಂಟಿನ ಪೈಪು ಹಾಕುವವರು ಮೋಲ್ಡಿಗೆ ಮುಂಚೆ ಬಂದರೇ, ಶನಿವಾರದ ಬಟವಾಡೆಗೆ ಹಣ ಇದೆಯೇ, ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಕಟ್ಟಡವೇ ತಡವಾಗುತ್ತದೆ - ಇದೇ ಅದು. ಅರ್ಧ ಲೆಕ್ಕ, ಇನ್ನರ್ಧ ಮಾತು. ಮಾತು ಬಾರದವನಿಗೆ ಈ ವಿದ್ಯೆ ದಕ್ಕುವುದೇ ಇಲ್ಲ.

ಇನ್ನೊಂದು ವಿಷಯ ಇದರೊಳಗೇ ಇದೆ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲೇ ಕೇಂದ್ರ ಕಾಯ್ದೆ ಬಂದಿತ್ತು, ರಾಜ್ಯದಲ್ಲಿ ಕಲ್ಯಾಣ ಮಂಡಳಿ ಇದೆ. 18ರಿಂದ 60ರೊಳಗಿನ ವಯಸ್ಸಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದಿದ್ದರೆ ಹೆಸರು ನೋಂದಾಯಿಸಬಹುದು. ಕಟ್ಟಡದ ವೆಚ್ಚದ ಶೇಕಡಾ 1ರಷ್ಟು ಸೆಸ್ ಇವರಿಗಾಗಿಯೇ. ಇದನ್ನು ಸೈಟಿನಲ್ಲಿ ನಿಂತು ಹೇಳಬೇಕಾದವನು, ದುಡಿದ ದಿನಗಳ ಲೆಕ್ಕ ಇಟ್ಟುಕೊಡಬೇಕಾದವನು ಅದೇ ಸೂಪರ್‌ವೈಸರ್ ಹುಡುಗ. ಕಾಯ್ದೆಯನ್ನು ಅವನೇ ಅರ್ಥ ಮಾಡಿಕೊಂಡಿಲ್ಲದಿದ್ದರೆ ಗಾರೆಯವರಿಗೆ ಯಾರು ಹೇಳಬೇಕು?

ಚರಿತ್ರೆಯ ಒಂದು ವ್ಯಂಗ್ಯ ಕೇಳಿ. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ 1915ಕ್ಕೆ ಕನ್ನಡ ಸಾಹಿತ್ಯ ಪರಿಷತ್ತು, 1916ಕ್ಕೆ ಮೈಸೂರು ವಿಶ್ವವಿದ್ಯಾಲಯ, 1917ಕ್ಕೆ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು, 1918ಕ್ಕೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸದ ಆರಂಭ. ನಾಲ್ಕು ವರ್ಷಕ್ಕೆ ನಾಲ್ಕು ಮಹಾಕಾರ್ಯ! ಪರಿಷತ್ತಿನ ಕನ್ನಡ ಮಾತ್ರ ಆ ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಆ ಮಹಾನುಭಾವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರ ನಂತರ ಬಂದ ನಾವು ನೂರು ವರ್ಷ ಏನು ಮಾಡುತ್ತಿದ್ದೆವು?

ಭದ್ರಾವತಿಯ ಹುಡುಗರಿಗೆ ಒಂದು ಕಾಲದಲ್ಲಿ ಇದೆಲ್ಲ ಬೇಕಿರಲಿಲ್ಲ. ಅಪ್ಪ ಕಾರ್ಖಾನೆಯಲ್ಲಿದ್ದರೆ ಮಗನಿಗೂ ಅಲ್ಲೇ ದಾರಿ. ಇಂದು ಎಂಪಿಎಂ ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ವಿಐಎಸ್ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದ ಮೇಲೆ ಅದೇ ವರ್ಷ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು, ಅಷ್ಟೆ. ಇತ್ತ ಸೋಗಾನೆಯಲ್ಲಿ 3,200 ಮೀಟರ್ ರನ್‌ವೇಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ಹೆದ್ದಾರಿ, ಸೇತುವೆ, ಸ್ಮಾರ್ಟ್ ಸಿಟಿ ಕಾಮಗಾರಿ ಎಲ್ಲವೂ ಬಂದವು. ಕಬ್ಬಿಣ ಮಾಡುವ ಊರಿಗೆ ಈಗ ಉಳಿದಿರುವುದು ಕಬ್ಬಿಣ ಕಟ್ಟುವ ಕೆಲಸ. ಆ ಕೆಲಸದ ಮೇಲಿನ ಕುರ್ಚಿಗಳಲ್ಲಿ ನಮ್ಮ ಹುಡುಗರು ಎಷ್ಟು ಜನ?

ಇಲ್ಲಿ ಒಂದು ಮಾತು ಖಡಾಖಂಡಿತ. ಬಿಹಾರ, ಬಂಗಾಳ, ಒಡಿಶಾಗಳಿಂದ ಬಂದು ಬಿಸಿಲಲ್ಲಿ ಜಲ್ಲಿ ಹೊರುವ ಹುಡುಗರ ಮೇಲೆ ಕೈ ಎತ್ತುವುದು ಕನ್ನಡಾಭಿಮಾನವಲ್ಲ, ಹೇಡಿತನ. ಅವನೂ ನಮ್ಮ ಹಾಗೇ ಊರು ಬಿಟ್ಟ ಬಡವ. ನಮ್ಮ ತಕರಾರು ವಿಧಾನಸೌಧದ ಜೊತೆ. 2024ರ ಜುಲೈನಲ್ಲಿ ಆಡಳಿತದ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಉದ್ಯಮಿಗಳು ಹುಬ್ಬು ಗಂಟಿಕ್ಕಿದ್ದೇ ತಡ, ಎರಡೇ ದಿನದಲ್ಲಿ ಮಸೂದೆಯನ್ನು ತಡೆಹಿಡಿದರು. ಇಂಥ ಬೆನ್ನೆಲುಬು! ಆದರೆ ಆಗ ಉದ್ಯಮಿಗಳು ಹೇಳಿದ "ನುರಿತ ಜನ ಸಿಗುವುದಿಲ್ಲ" ಎಂಬ ನೆಪಕ್ಕೆ ಉತ್ತರ ಬೀದಿಯಲ್ಲಿಲ್ಲ, ಪಾಲಿಟೆಕ್ನಿಕ್ಕಿನ ತರಗತಿಯಲ್ಲಿದೆ.

2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಬಾಗಿಲು ತೆರೆಯಿತು. ಕರ್ನಾಟಕದಲ್ಲಿ ಸೇರಿದವರು ಬೆರಳೆಣಿಕೆ. "ನೋಡಿ, ಕನ್ನಡಿಗರಿಗೇ ಬೇಡ" ಎಂದು ಕೆಲವರು ನಕ್ಕರು. ಯಾಕೆ ಸೇರುತ್ತಾರೆ? ಮುಂದೆ ಕೆಲಸ ಕೊಡುವವರು ಯಾರು ಎಂದು ಯಾರೂ ಹೇಳಲಿಲ್ಲ. ಲೋಕೋಪಯೋಗಿ ಇಲಾಖೆಯೇ ತನ್ನ ಅಂದಾಜು ಪಟ್ಟಿಯನ್ನು ಕನ್ನಡದಲ್ಲಿ ಬರೆಯಲಿಲ್ಲ. 1963ರ ರಾಜ್ಯಭಾಷಾ ಕಾಯ್ದೆಗೆ ಅರವತ್ತು ದಾಟಿ, ನಿವೃತ್ತಿಯ ವಯಸ್ಸೂ ಆಯಿತು. ಅನುವಾದದ ಪುಸ್ತಕಗಳು ಬಂದಿವೆ, ಬರಲಿ. ಆದರೆ ಗುಂಡನ್ನು 'ಲಂಬಸೂಚಿ' ಮಾಡಿ, ರಸಮಟ್ಟವನ್ನು 'ಸಮತಲದರ್ಶಕ' ಮಾಡಿ ಅಚ್ಚು ಹಾಕುವುದಾದರೆ ಆ ಪುಸ್ತಕಕ್ಕಿಂತ ಇಂಗ್ಲಿಷೇ ವಾಸಿ. ಬೀಮು ಬೀಮಾಗಿಯೇ ಇರಲಿ, ಸ್ಲ್ಯಾಬು ಸ್ಲ್ಯಾಬೇ ಆಗಿರಲಿ. ಮೇಸ್ತ್ರಿ ಒಪ್ಪಿಕೊಂಡ ಪದ ಕನ್ನಡದ ಪದವೇ.

ಇಂಗ್ಲಿಷ್ ಬೇಡ ಎಂದು ನಾವು ಹೇಳುತ್ತಿಲ್ಲ. ಟೆಂಡರು ಓದಲು, ಹೊರ ರಾಜ್ಯದ ಕಂಪನಿಯ ಜೊತೆ ಪತ್ರ ಬರೆಯಲು ಅದು ಬೇಕು. ಅದನ್ನು ಒಂದು ವಿಷಯವಾಗಿ ಚೆನ್ನಾಗಿ ಕಲಿಸಿ. ಕಾಂಕ್ರೀಟನ್ನು ಮಾತ್ರ ಕನ್ನಡದಲ್ಲಿ ಕಲಿಸಿ. ಡಿಪ್ಲೊಮಾದಿಂದಲೇ ಶುರು ಮಾಡಿ, ಡಿಗ್ರಿ ಆಮೇಲಾಯಿತು. ವಾರಕ್ಕೊಂದು ದಿನ ಅನುಭವಿ ಮೇಸ್ತ್ರಿಯನ್ನು ತರಗತಿಗೆ ಕರೆಸಿ, ಅವನಿಗೂ ಗೌರವಧನ ಕೊಡಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ನಾಮಫಲಕದಲ್ಲಿ ಶೇಕಡಾ 60 ಕನ್ನಡಕ್ಕಾಗಿ ನಾವು ಲಾಠಿ ಏಟು ತಿಂದೆವು, ಜೈಲಿಗೂ ಹೋದೆವು, 2024ರಲ್ಲಿ ಕಾನೂನೂ ಬಂತು. ಆ ಫಲಕ ನೇತುಹಾಕಿದ ಕಟ್ಟಡದೊಳಗಿನ ಕಾಗದಗಳ ಬಗ್ಗೆ ಒಂದು ಧರಣಿಯನ್ನಾದರೂ ಕೂತೆವೇ?

ಬಳಗದ ಹುಡುಗರಿಗೆ ಈ ತಿಂಗಳ ಕೆಲಸ ಇದು. ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಂಡು ನಿಮ್ಮ ಬೀದಿಯ ಸೈಟಿಗೆ ಹೋಗಿ. ಪಾಯದಿಂದ ತಾರಸಿಯವರೆಗೆ ಮೇಸ್ತ್ರಿ, ಬಡಗಿ, ಕಂಬಿ ಕಟ್ಟುವವರು ಆಡುವ ಒಂದೊಂದು ಪದವನ್ನೂ, ಅದರ ಅರ್ಥವನ್ನೂ, ಆಗುವುದಾದರೆ ಚಿತ್ರವನ್ನೂ ಬರೆದುಕೊಂಡು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಅಚ್ಚು ಹಾಕಿ ಪಾಲಿಟೆಕ್ನಿಕ್ಕುಗಳ ಪ್ರಾಂಶುಪಾಲರ ಮೇಜಿನ ಮೇಲಿಡುವುದು ನಮ್ಮ ಹೊಣೆ. ಶನಿವಾರ ಸಂಜೆ ಹೋಗಬೇಡಿ, ಬಟವಾಡೆಯ ಗದ್ದಲ. ಬೆಳಗ್ಗೆ ಹತ್ತೂವರೆಯ ಚಹಾದ ಹೊತ್ತು ಒಳ್ಳೆಯದು. ಚಹಾದ ಕಾಸು ನೀವೇ ಕೊಡಿ.