ಭ್ರೂಣ ಪರೀಕ್ಷೆ: ಯಾವುದು, ಯಾರಿಗೆ?

ಪ್ರನಾಳ ಶಿಶು ಚಿಕಿತ್ಸೆಗೆಂದು ಹೋದ ದಂಪತಿಗಳಿಗೆ ಈಗ ಇನ್ನೊಂದು ಸಲಹೆಯೂ ಸಿಗುತ್ತದೆ. ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಮೊದಲು ಪರೀಕ್ಷೆ ಮಾಡಿಸಿಬಿಡಿ ಎಂದು. ವರ್ಷಗಟ್ಟಲೆ ಮಗುವಿಗಾಗಿ ಕಾದು ಬಸವಳಿದ ಸಹೋದರಿ ಬೇಡ ಎನ್ನುವಳೇ? ಒಡವೆ ಅಡವಿಟ್ಟಾದರೂ ಒಪ್ಪುತ್ತಾಳೆ. ಆದರೆ ಓದುಗರೇ, ಈ ಹೆಸರಿನಲ್ಲಿ ಬೇರೆ ಬೇರೆ ಪರೀಕ್ಷೆಗಳಿವೆ. ನಿಮಗೆ ಹೇಳಿದ್ದು ಯಾವುದೆಂದು ಮೊದಲು ಕೇಳಿ.

ಒಂದು, ಪಿಜಿಟಿ-ಎಂ. ಇದು ಕುಟುಂಬದಲ್ಲಿ ಇಂಥದೇ ಆನುವಂಶಿಕ ಕಾಯಿಲೆ ಇದೆಯೆಂದು ಖಚಿತವಾಗಿ ಗೊತ್ತಿರುವವರಿಗೆ. ಥಲಸ್ಸೇಮಿಯಾವನ್ನೇ ತೆಗೆದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಅದರ ವಾಹಕರಾಗಿದ್ದರೂ ನೋಡಲು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಹುಟ್ಟುವ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ಬಂತು, ಇನ್ನು ಮೂವರಿಗೆ ಬರುವುದಿಲ್ಲ ಎಂದಲ್ಲ. ಪ್ರತಿ ಗರ್ಭಕ್ಕೂ ಅದೇ ಲೆಕ್ಕ. ಕೆಲವು ವಾರಗಳಿಗೊಮ್ಮೆ ಮಗುವಿಗೆ ರಕ್ತ ಕೊಡಿಸಲು ಆಸ್ಪತ್ರೆಗೆ ಅಲೆಯುವ ತಾಯಿಗೆ ಎರಡನೆಯ ಮಗುವಿನ ಆಸೆಯ ಜೊತೆಗೇ ಭಯವೂ ಇರುತ್ತದೆ.

ಇಂತಹವರಿಗೆ ಈ ಪರೀಕ್ಷೆ ನಿಜಕ್ಕೂ ವರದಾನ. ಐದಾರು ದಿನ ಬೆಳೆದ ಭ್ರೂಣದಲ್ಲಿ ಮುಂದೆ ಮಾಸು ಆಗುವ ಹೊರಪದರದಿಂದ ಕೆಲವೇ ಜೀವಕೋಶಗಳನ್ನು ತೆಗೆದು ಪರೀಕ್ಷಿಸುತ್ತಾರೆ. ಕಾಯಿಲೆ ಇಲ್ಲದ್ದನ್ನು ಮಾತ್ರ ಗರ್ಭಕೋಶಕ್ಕೆ ಸೇರಿಸುತ್ತಾರೆ. ಗರ್ಭ ನಿಂತ ಮೇಲೂ ಒಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಲು ವೈದ್ಯರು ಹೇಳುತ್ತಾರೆ. ಇದನ್ನು ತಪ್ಪಿಸಬೇಡಿ.

ಇನ್ನೊಂದು, ಪಿಜಿಟಿ-ಎ. ಇದರಲ್ಲಿ ವರ್ಣತಂತುಗಳ ಸಂಖ್ಯೆ ಸರಿಯಿದೆಯೇ ಎಂದಷ್ಟೇ ನೋಡುತ್ತಾರೆ. ಥಲಸ್ಸೇಮಿಯಾ ಇದರಲ್ಲಿ ತಿಳಿಯುವುದಿಲ್ಲ! ವಯಸ್ಸು ಹೆಚ್ಚಾದವರಿಗೆ, ಪದೇ ಪದೇ ಗರ್ಭಪಾತವಾದವರಿಗೆ ವೈದ್ಯರು ಇದನ್ನು ಸೂಚಿಸುವುದುಂಟು. ಎಲ್ಲರಿಗೂ ಬೇಕೇ? 2019ರಲ್ಲಿ ಪ್ರಕಟವಾದ, 25ರಿಂದ 40 ವರ್ಷದ 661 ಮಹಿಳೆಯರ ಅಧ್ಯಯನದಲ್ಲಿ ಒಟ್ಟಾರೆ ಗರ್ಭ ನಿಲ್ಲುವ ಪ್ರಮಾಣ ಇದರಿಂದ ಹೆಚ್ಚಲಿಲ್ಲ. ಪರೀಕ್ಷೆಯಿಂದ ಭ್ರೂಣವೇನೂ ಉತ್ತಮವಾಗುವುದಿಲ್ಲ, ಇದ್ದವುಗಳಲ್ಲಿ ಆರಿಸಬಹುದು ಅಷ್ಟೆ.

"ಹೇಗೂ ನೋಡುತ್ತಾರಲ್ಲ, ಗಂಡೋ ಹೆಣ್ಣೋ ಎಂದೂ ಕೇಳಿಬಿಡಿ" ಎನ್ನುವ ಅತ್ತೆಯರಿದ್ದಾರೆ. ಗಂಡು ಬೇಕೆಂದು ಭ್ರೂಣ ಆರಿಸುವುದು ನಮ್ಮಲ್ಲಿ ಅಪರಾಧ. 2021ರ ಕಾಯಿದೆಯ ಪ್ರಕಾರ ಅಂತಹ ಸೌಲಭ್ಯ ಒದಗಿಸುವವರಿಗೆ 5ರಿಂದ 10 ವರ್ಷ ಜೈಲು ಶಿಕ್ಷೆಯಾಗಬಹುದು. ವಿಚಿತ್ರವೆಂದರೆ, 1990ರಲ್ಲಿ ಲಂಡನ್ನಿನಲ್ಲಿ ಈ ವಿಧಾನ ಮೊದಲು ಫಲಿಸಿದಾಗ ವೈದ್ಯರು ಆರಿಸಿದ್ದು ಹೆಣ್ಣು ಭ್ರೂಣಗಳನ್ನು. ಆ ಕುಟುಂಬಗಳ ಕಾಯಿಲೆ ಗಂಡುಮಕ್ಕಳನ್ನು ಕಾಡುವಂಥದಾಗಿತ್ತು.

ಇಷ್ಟೆಲ್ಲ ಖರ್ಚಿಗೆ ಮೊದಲು ಮಾಡಿಸಬಹುದಾದದ್ದು ಒಂದು ಸಾಮಾನ್ಯ ರಕ್ತ ಪರೀಕ್ಷೆ. ವಾಹಕರೋ ಅಲ್ಲವೋ ಎಂದು ಹಿಮೋಗ್ಲೋಬಿನ್ ಎ2 ಪ್ರಮಾಣ ಹೇಳುತ್ತದೆ. ಸಂಬಂಧದೊಳಗೆ ಮದುವೆಯಾಗುವಾಗ ಇದು ಇನ್ನೂ ಮುಖ್ಯ, ಒಂದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಅಲ್ಲಿ ಹೆಚ್ಚು. ಇರಾನ್ 1997ರಲ್ಲಿ, ಸೌದಿ ಅರೇಬಿಯಾ 2004ರಲ್ಲಿ ಮದುವೆಗೆ ಮೊದಲು ಥಲಸ್ಸೇಮಿಯಾ ತಪಾಸಣೆಯನ್ನು ಕಡ್ಡಾಯ ಮಾಡಿದವು. ನಮ್ಮ ಮದುವೆ ಮಾತುಕತೆಯಲ್ಲಿ ಹಾಲ್, ಬಿರಿಯಾನಿ, ಒಡವೆ ಎಲ್ಲದರ ಪಟ್ಟಿ ಇರುತ್ತದೆ. ಇದೊಂದನ್ನು ಅದಕ್ಕೆ ಸೇರಿಸಿಕೊಳ್ಳಿ.